ಚಿಂತಲಹಳ್ಳಿ ಕೆರೆ ಕೋಡಿ ಹರಿಯಿತು

ಚಿಂತಲಹಳ್ಳಿ, ಮುಳಬಾಗಿಲು ತಾಲ್ಲೂಕು
೧೪-೧೧-೧೯೩೮

ನನ್ನ ಕಂದ ಶ್ರೀರಾಮಪ್ಪನಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಚಿನ್ನದ ಗಣಿಯ ದೂಳು ಎದೆಯಲ್ಲಿ ಕೂರುತ್ತದಂತೆ, ದಿನಾ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊ. ಇಲ್ಲಿ ನಾನೂ ನಿನ್ನ ಅಣ್ಣ ಸೊಣ್ಣಪ್ಪನೂ ಚೆನ್ನಾಗಿದ್ದೇವೆ. ಅವನ ಜೊತೆ ಜಗಳವಾಡಿ, 'ತಗ್ಗಿನ ಹೊಲ ಭಾಗ ಆಗೋವರ್ಗೂ ಈ ಊರಿಗೆ ಕಾಲಿಡಲ್ಲ' ಎಂದು ನೀನು ಹೋಗಿ ಮೂರು ವರ್ಷವಾಯಿತು. ಒಂದು ಹಗಲು ನಡೆದರೆ ಸಿಗುವ ಊರು ನಿನಗೆ ರಂಗೂನಿಗಿಂತ ದೂರವಾಗಿದೆ. ಹೊಲದ ಮಾತು ಎತ್ತುವುದಿಲ್ಲ ಎಂದು ಮೇಷ್ಟ್ರಿಗೆ ಮಾತು ಕೊಟ್ಟು ಈ ಕಾಗದ ಬರೆಸುತ್ತಿದ್ದೇನೆ.

ಸುದ್ದಿ ಏನೆಂದರೆ, ನಮ್ಮ ಕೆರೆ ಕೋಡಿ ಹರಿಯಿತು. ನಗಬೇಡ, ಎಮ್ಮೆ ಮುಳುಗದ ಕುಂಟೆ ಎಂದು ನೀನು ಹಂಗಿಸುತ್ತಿದ್ದ ಅದೇ ಕೆರೆ. ಗುಡ್ಡದ ನೀರೆಲ್ಲ ಊರಿಗೆ ಬೆನ್ನು ಹಾಕಿ ಆಚೆಗೆ ಓಡುತ್ತಿತ್ತಲ್ಲ, ಅದನ್ನು ಹಿಡಿದು ತರಬೇಕೆಂದು ಶಿವರಾತ್ರಿ ಕಳೆದ ಮೇಲೆ ಇಡೀ ಊರು ಗುದ್ದಲಿ ಹಿಡಿಯಿತು. ಗಂಡಸರು ಕಾಲುವೆ ಅಗೆದರು, ನಾವು ಮಂಕರಿಯಲ್ಲಿ ಮಣ್ಣು ಹೊತ್ತು ಏರಿಯನ್ನು ಆಳೆತ್ತರ ಏರಿಸಿದೆವು. ನನ್ನ ನೆತ್ತಿಯ ಕೂದಲು ಇನ್ನೂ ಬಂದಿಲ್ಲ. ನೀವು ಅಲ್ಲಿ ಪಾತಾಳದವರೆಗೆ ಅಗೆದು ಬಿಳಿ ಮಣ್ಣಿನ ದಿಬ್ಬ ಎಬ್ಬಿಸಿದ್ದೀರಂತೆ. ನಾವು ಸೊಂಟದುದ್ದ ಅಗೆದು ಒಂದು ಗುಡ್ಡದ ನೀರನ್ನೇ ತಿರುಗಿಸಿದೆವು. ಹೆಚ್ಚುಗಾರಿಕೆ ಯಾರದು, ನೀನೇ ಹೇಳು.

ಗುರುವಾರ ಮಧ್ಯಾಹ್ನ ಪಕ್ಕದ ಮನೆಯ ದೊಡ್ಡಗಂಗಮ್ಮ ಏರಿಯ ಮೇಲಿಂದ 'ನೀಳ್ಳೊಚ್ಚಿನಾಯಮ್ಮಾ, ನೀರು ಬಂದ್ಬಿಡ್ತು ಬನ್ರೇ' ಎಂದು ಕೂಗಿದಳು. ಕೈಯಲ್ಲಿದ್ದ ಮೊರ ಎಸೆದು ಓಡಿದೆ. ಕೆಂಪು ನೀರು ನಾವು ತೋರಿಸಿದ ದಾರಿಯಲ್ಲೇ ಬರುತ್ತಿತ್ತು. ಮೂರೇ ದಿನದಲ್ಲಿ ಬಂಡೆ, ಪೊದೆ, ದನ ಮೇಯುತ್ತಿದ್ದ ಬಯಲು ಎಲ್ಲ ಮುಳುಗಿ ಊರಿನ ಮುಖವೇ ಬದಲಾಯಿತು. ಸಂತೋಷಕ್ಕೆ ನಾನು ಅತ್ತುಬಿಟ್ಟೆ. ರಾಗಿ ಬಿಟ್ಟು ಬೇರೆ ಕಾಣದ ಜನ ಈಗ ಬಾಯಿ ತೆರೆದರೆ ಭತ್ತದ ಮಾತಾಡುತ್ತಾರೆ.

ದೇವರು ನಿನ್ನನ್ನು ನೆಲದ ಮೇಲೂ ನೆಲದೊಳಗೂ ಕಾಪಾಡಲಿ.

ಇತಿ ನಿನ್ನ ಅಮ್ಮ,
ಕದಿರಮ್ಮ (ಹೆಬ್ಬೆಟ್ಟಿನ ಗುರುತು)

ಮರೆತಿದ್ದೆ: ಇದನ್ನು ಬರೆಯಲು ಮೇಷ್ಟ್ರು ಹಿಂದೆಮುಂದೆ ನೋಡುತ್ತಿದ್ದಾರೆ. ಕೆರೆ ಅಗಲವಾಗಲು ಜಾಗ ಬೇಕಿತ್ತು, ತಗ್ಗಿನ ಹೊಲವನ್ನು ನಾನೇ ಬಿಟ್ಟುಕೊಟ್ಟೆ. ಅದು ನನ್ನ ಅಪ್ಪ ನನಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹೊಲ, ನೀವಿಬ್ಬರೂ ಅದನ್ನು ಮರೆತು ಕಿತ್ತಾಡಿದಿರಿ. ಈಗ ಅದರ ಮೇಲೆ ಎರಡಾಳು ನೀರು. ಬೈಯುವುದಿದ್ದರೆ ಎದುರಿಗೆ ಬಂದು ಬೈಯಿ. ಕೊಟ್ಟ ದಿನ ಸೊಣ್ಣಪ್ಪನೂ ಹಾರಾಡಿದ. ನಿನ್ನೆ ನೀರು ನೋಡಿ ಬಂದು, ಮುದ್ದೆ ಮುರಿಯುತ್ತಾ, 'ಇನ್ನ ಅವನು ಬರ್ಬೋದಲ್ಲಮ್ಮಾ' ಅಂದ. ಹಳೆಯ ಬಂಡಿದಾರಿಯಲ್ಲಿ ಬರಬೇಡ, ಅದೂ ಮುಳುಗಿದೆ. ಭಾನುವಾರ ಏರಿಯ ಮೇಲೆ ಬಾ. ಅಣ್ಣ ಅಲ್ಲಿ ನಿಂತಿರುತ್ತಾನೆ.