ಸಾಲದು

ಹೊಳಲ್ಕೆರೆ
12-3-1977

ಬಾಗೂರಿನ ಓಬಳೇಶಪ್ಪ ಮೇಷ್ಟ್ರಿಗೆ ಜಯಕ್ಕ ಮಾಡುವ ನಮಸ್ಕಾರ.

ಬ್ಯಾಂಕ್ ಪರೀಕ್ಷೆಗೆ ನೀವು ಕಳಿಸಿದ ಲೆಕ್ಕ ಮಾಡಿ ಇದರ ಜೊತೆ ಇಟ್ಟಿದ್ದೀನಿ. ಉತ್ತರ ಹುಡುಕಬೇಡ, ಕೊಟ್ಟ ಮಾಹಿತಿ ಸಾಕೋ ಸಾಲದೋ ಅಷ್ಟು ಹೇಳು ಅಂತಿದ್ರಿ. ಹೋದ ಸಲ ಎಕ್ಸ್ ವರ್ಗ ನಾಲ್ಕಕ್ಕಿಂತ ಹೆಚ್ಚು ಅಂದಿದ್ದಕ್ಕೆ ಎಕ್ಸ್ ಎರಡಕ್ಕಿಂತ ಹೆಚ್ಚು ಅಂತ ಬರೆದಿದ್ದೆ. ಋಣಸಂಖ್ಯೆನೂ ಇರಬಹುದಲ್ಲಮ್ಮ, ಇದೊಂದೇ ಸಾಲದು ಅಂತ ಕೆಂಪು ಶಾಯಿಯಲ್ಲಿ ತಿದ್ದಿದ್ರಿ.

ಮೊನ್ನೆ ಠಾಣೆಯಲ್ಲೂ ಅದೇ ಮಾತು ಬಂತು. ನನ್ನ ತಂಗಿ ಚಿತ್ತಮ್ಮ ಕಾಲು ಜಾರಿ ಮನೆ ಮುಂದಿನ ಬಾವಿಗೆ ಬಿದ್ದು ಸತ್ಲು ಅಂತ ಅವಳ ಗಂಡ ಬರೆಸಿದ್ದಾನೆ. ಕೆರೆಯಲ್ಲಿ ಕುರಿ ತೊಳೆಯುತ್ತಾ ಬೆಳೆದವಳು, ಈಜು ಬರ್ತಿತ್ತು ಅಂದೆ. ಈಜು ಬರೋರೂ ಸಾಯ್ತಾರೆ, ಅದೊಂದೇ ಸಾಲದು ಅಂದ್ರು ಪೊಲೀಸ್ನೋರು.

ನಿಮ್ಮ ಮನೆ ಅವಳ ಮನೆ ಎದುರಿಗೇ ಐತೆ. ಆವತ್ತು ಬೆಳಿಗ್ಗೆ ನೀವು ಜಗಲಿ ಮೇಲೆ ಕುಂತಿದ್ರಂತೆ. ಅವಳನ್ನ ಮಣ್ಣು ಮಾಡೋವಾಗ ನೀವು ನನ್ನ ಮುಖ ನೋಡಲಿಲ್ಲ.

ಸೋಮವಾರ ಮತ್ತೆ ಠಾಣೆಗೆ ಹೋಗ್ತೀನಿ. ನೀವೂ ಬರ್ರಿ. ಉತ್ತರ ಹೇಳ್ರಿ ಅಂತ ಕೇಳ್ತಿಲ್ಲ ಮೇಷ್ಟ್ರೇ. ನೀವು ಕಂಡಿದ್ದನ್ನ ಹೇಳಿದ್ರೆ ಸಾಕು.

ಇಂತಿ ನಿಮ್ಮ ಶಿಷ್ಯೆ,
ಜಯಕ್ಕ