ಹನ್ನೊಂದನೆಯಾಕೆಯ ಜಾಗ

ನೇಕಾರರ ಓಣಿ, ಬೆಳಗಾವಿ
ಫೆಬ್ರವರಿ 30, 2163

ಲಾಳಿ ಮಹಿಳಾ ಫುಟ್‌ಬಾಲ್ ಕ್ಲಬ್ಬನ್ನು ಈಗಷ್ಟೇ ಕಟ್ಟುತ್ತಿರುವ ಅಕ್ಕಂದಿರಿಗೆ,

ನಮಸ್ಕಾರ. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ತಿಂಗಳುಗಳನ್ನು ಸರಿದೂಗಿಸಿದ ಮೇಲೆ ನಮಗೆ ಸಿಕ್ಕ ದಿನ ಅದು. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಬರೆಯುವ ಕನ್ನಡವನ್ನು ಕ್ಲಬ್ಬಿನ ಹಳೆಯ ಕಾಗದಗಳಿಂದ, ಅಂದರೆ ನಿಮ್ಮಿಂದಲೇ ಕಲಿತೆ. ಹೆಸರು ಕಾದಂಬಿನಿ ಹವಳಕೋಡ, ವಯಸ್ಸು ನಲವತ್ತಾರು. ಕಳೆದ ತಿಂಗಳವರೆಗೆ ಈ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಗೆ ನಾವು ಹಿಂದಂಚೆ ಎನ್ನುತ್ತೇವೆ. ಅದರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಂದೇ ಪತ್ರ. ನನ್ನದನ್ನು ತೀರಿಹೋದ ಅವ್ವನಿಗೆ ಬರೆಯಬೇಕೆಂದಿದ್ದೆ. ನಿಮಗೆ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕ್ಲಬ್ ಹೇಗಿದೆ ಎಂದು ಹೇಳಬೇಕು. ಅದು ಇದೆ. ಪಂದ್ಯಗಳೆಲ್ಲ ಬೆಳಗಿನ ಐದೂವರೆಗೆ ಶುರುವಾಗುತ್ತವೆ. ಎಂಟಕ್ಕೆ ನೆರಳುಗಡಿಯ ಸೈರನ್ ಕೂಗುತ್ತದೆ. ಆಮೇಲೆ ಸಂಜೆಯ ತನಕ ಬಯಲಲ್ಲಿ ನಿಲ್ಲುವುದು ಅಪರಾಧ, ಬಿಸಿಲು ಅಷ್ಟು ಕೆಟ್ಟದ್ದು. ಮಗ್ಗಗಳು ಈಗ ಸೀರೆಗಿಂತ ಹೆಚ್ಚಾಗಿ ಬಿಸಿಲುಬಟ್ಟೆ ನೇಯುತ್ತವೆ. ಮಾಳಿಗೆಯ ಮೇಲೆ ಹಾಸಿದರೆ ಮನೆಗೆ ಬೇಕಾದ ಕರೆಂಟು ಅದರಿಂದಲೇ ಬರುತ್ತದೆ. ಲಾಳಿಗೆ ನೂಲಿನ ಕಂಡಿಕೆ ಸುತ್ತುವವರು ಮಾತ್ರ ಇಂದಿಗೂ ಹೆಂಗಸರೇ. ಅಷ್ಟು ಸಣ್ಣ ನೂಲನ್ನು ಯಂತ್ರಗಳು ಹರಿದುಹಾಕುತ್ತವೆ. ಕ್ಲಬ್ಬಿನಲ್ಲಿ ಅರವತ್ತು ಜನರಿದ್ದೇವೆ. ಹೆಚ್ಚಿನವರು ಕಂಡಿಕೆಯವರು, ಉಳಿದವರಲ್ಲಿ ಹೃದಯದ ಡಾಕ್ಟರೊಬ್ಬರು, ಮಗ್ಗ ರಿಪೇರಿಯ ಇಬ್ಬರು, ಮೌಲವಿಯ ಮಗಳು, ಮನೆಯಲ್ಲಿ ಮರಾಠಿ ಮಾತಾಡಿ ಮೈದಾನದಲ್ಲಿ ಕನ್ನಡದಲ್ಲಿ ಬೈಯುವ ಮೂವರು. ಆಟ ಮುಗಿದ ಮೇಲೆ ಎಲ್ಲರೂ ಮೈದಾನದ ಗೋಡೆಯ ಮೇಲೆ ಕುಳಿತು ನೆನೆಸಿದ ಮಂಡಕ್ಕಿಯ ಸುಸಲಾ ತಿನ್ನುತ್ತಾರೆ, ಸೋತ ದಿನ ಸ್ವಲ್ಪ ಹೆಚ್ಚು.

ನಿಮ್ಮ ಮೊದಲ ಪಂದ್ಯ ನಿಮಗೆ ಇನ್ನೂ ಬರಬೇಕಿದೆ. ಮುಂಚೆಯೇ ಹೇಳಿ ಅದರ ಮಜಾ ಕೆಡಿಸುತ್ತಿದ್ದೇನೆ. ಅಂದು ನೀವು ಹತ್ತೇ ಜನ ಇರುತ್ತೀರಿ. ಬಾಳವ್ವ ಎಂಬಾಕೆ ತನ್ನ ಸೊಸೆಯನ್ನು ಬೈದು ಮನೆಗೆ ಎಳೆದೊಯ್ಯಲು ಮೈದಾನಕ್ಕೆ ಬರುತ್ತಾಳೆ. ನಿಮ್ಮ ನಾಯಕಿ ಜುಬೇದಾ ಅವಳಿಗೆ ಹೇಳಿದ ಮಾತನ್ನು ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ: “ಬಾಳವ್ವಾರ, ಸೊಸಿನ್ನ ಆಮ್ಯಾಲ ಬೈರಿ. ಈಗ ಈ ಎರಡು ಕಂಬದ ನಡುವ ನಿಂದರ್ರಿ, ಏನ ಬಂದರೂ ಒಳಗ ಬಿಡಬ್ಯಾಡ್ರಿ.” ಅದಕ್ಕೆ ಬಾಳವ್ವ, “ನನ್ನ ಕೇಳದ ನಮ್ಮನಿ ಒಳಗ ಬೆಕ್ಕೂ ಬರೂದಿಲ್ಲ” ಎಂದಳಂತೆ. ಒಂಬತ್ತು ಗೋಲು ಒಳಗೆ ಹೋದವು. ಆದರೆ ಮುಂದಿನ ಭಾನುವಾರ ಬಾಳವ್ವ ಸೊಸೆಗಿಂತ ಮೊದಲೇ ಮೈದಾನದಲ್ಲಿದ್ದಳು, ಜೊತೆಯಲ್ಲಿ ಪಕ್ಕದ ಮನೆಯವಳನ್ನೂ ಕರೆತಂದಿದ್ದಳು.

ಆಮೇಲೆ ನೀವು ಮಾಡುವ ನಿಯಮದಂತೆ, ಅಂದಿನಿಂದ ಪ್ರತಿ ಪಂದ್ಯದಲ್ಲೂ ಒಂದು ಜಾಗ ಎಂದೂ ಚೆಂಡು ಒದೆಯದ ಹೆಂಗಸಿನದು. ಅವಳನ್ನು ಹನ್ನೊಂದನೆಯಾಕೆ ಎನ್ನುತ್ತೇವೆ. ಸರದಿ ಮನೆಯಿಂದ ಮನೆಗೆ ಸಾಗುತ್ತದೆ. ಓಣಿಗೆ ಹೊಸದಾಗಿ ಸೊಸೆ ಬಂದರೆ ಮಾತ್ರ ಅವಳು ಸರದಿಗಿಂತ ಮುಂದೆ. ಆಡಿದ ಮೇಲೆ ಇಷ್ಟವಿದ್ದವಳು ಕ್ಲಬ್ಬಿನಲ್ಲಿ ಉಳಿಯುತ್ತಾಳೆ, ಇಲ್ಲದವಳು ಸುಸಲಾ ತಿಂದು ಮನೆಗೆ ಹೋಗುತ್ತಾಳೆ. ಮಗಳೋ ಸೊಸೆಯೋ ಮೈದಾನಕ್ಕೆ ಹೊರಟರೆ ಅಡ್ಡ ನಿಲ್ಲುವವರು ಈ ಓಣಿಯಲ್ಲಿ ಯಾರೂ ಇಲ್ಲ. ಅಡ್ಡ ನಿಲ್ಲಬಹುದಾಗಿದ್ದ ಅತ್ತೆಯೂ ಒಮ್ಮೆ ಆಡಿರುತ್ತಾಳೆ.

ಈ ವರ್ಷ ರಾಜ್ಯದ ಮೇಲಿನ ಲೀಗಿನಿಂದ ನಮಗೆ ಕರೆ ಬಂತು. ಒಂದೇ ಷರತ್ತು: ಹನ್ನೊಂದು ಜನವೂ ತರಬೇತಿ ಪಡೆದವರಾಗಿರಬೇಕು. ಈಗಿನ ನಾಯಕಿ ನೂತನಾ ಒಪ್ಪೋಣ ಎಂದಳು. ಅವಳಿಗೆ ಇಪ್ಪತ್ತಮೂರು ವರ್ಷ, ಕಾಲಲ್ಲಿ ದೊಡ್ಡ ಆಟವಿದೆ. ಅವಳ ಆಸೆಯಲ್ಲಿ ತಪ್ಪೇನೂ ಇಲ್ಲ. ನನಗೆ ಮಾತ್ರ ಆ ಜಾಗ ಉಳಿಯಬೇಕಿತ್ತು. ತೀರ್ಮಾನಕ್ಕೆ ಕಳೆದ ತಿಂಗಳು ಸಭೆ ಸೇರಿತು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಸೋನವ್ವ ಎದ್ದು ನನ್ನ ಪಕ್ಷ ಹಿಡಿದಳು. ಒಂಬತ್ತು ವರ್ಷದ ಹಿಂದಿನ ಫೈನಲ್ ನೆನಪಿಸಿದಳು. ಆಗ ನಾನು ನಾಯಕಿ. ಅಂದು ಸರದಿ ಸೋನವ್ವನ ತಂಗಿ ಕಾಶವ್ವನದು. ಆ ವಾರವಷ್ಟೇ ಹೊಸ ಸೊಸೆ ತಾರಾಮತಿ ಓಣಿಗೆ ಬಂದಿದ್ದರಿಂದ ಆಟದ ಬೆಳಿಗ್ಗೆ ಕಾಶವ್ವ ಜಾಗ ಬಿಟ್ಟುಕೊಟ್ಟಳು, ಎಂದೂ ಚೆಂಡು ಮುಟ್ಟದ ಆ ಹುಡುಗಿ ಎರಡು ಗೋಲು ಹೊಡೆದು ಕಪ್ ತಂದಳು. ನಿಯಮದಿಂದ ನಾವು ಸೋಲುತ್ತೇವೆ ಎಂದು ಹೇಳುವವರಾರು ಎಂದು ಸೋನವ್ವ ಕೇಳಿದಳು. ಜನ ತಲೆಯಾಡಿಸಿದರು. ನೂತನಾಳ ಕಡೆಯ ಕೆಲವರೂ ತಲೆಯಾಡಿಸಿದರು.

ನಾನು ಬಾಯಿ ಮುಚ್ಚಿ ಕುಳಿತಿದ್ದರೆ ಸಾಕಿತ್ತು. ಆದರೆ ತಾರಾಮತಿ ಕೊಲ್ಹಾಪುರದಲ್ಲಿ ಆರು ವರ್ಷ ಆಡಿ ಬಂದವಳು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಏನೂ ಬಾರದವಳಂತೆ ಮೈದಾನಕ್ಕೆ ಇಳಿ ಎಂದು ಹೇಳಿಕೊಟ್ಟವಳೂ ನಾನೇ. ಸುಳ್ಳು ನಿಲ್ಲಬೇಕಲ್ಲ, ಕಪ್ ಬಂದ ಮೇಲೂ ಆಕೆ ಅಭ್ಯಾಸದಲ್ಲಿ ಒಂದು ವರ್ಷ ಬೇಕೆಂದೇ ತಪ್ಪು ಒದೆಯುತ್ತಿದ್ದಳು, ಕಲಿಯುತ್ತಿರುವವಳಂತೆ. ಅಂಥ ಕಾಲುಗಳಿಗೆ ಅದೆಷ್ಟು ಕಷ್ಟವಾಯಿತೋ. ಆಮೇಲೆ ಮೈದಾನಕ್ಕೆ ಬರುವುದನ್ನೇ ಬಿಟ್ಟಳು, ಊರನ್ನೂ ಬಿಟ್ಟಳು.

ಎದ್ದು ನಿಂತು ಇದಿಷ್ಟನ್ನೂ ಹೇಳಿದೆ. ಧೈರ್ಯದಿಂದ ಹೇಳಿದೆನೋ, ಸೋನವ್ವನ ಹೊಗಳಿಕೆ ಸಹಿಸಲಾಗದೆ ಹೇಳಿದೆನೋ, ಇನ್ನೂ ತಿಳಿಯುತ್ತಿಲ್ಲ. ಹೇಳುವಾಗಲೇ ನಿಯಮ ಹೋಯಿತು ಎಂದುಕೊಂಡಿದ್ದೆ. ಸೋನವ್ವ ಮತ್ತೆ ಎದ್ದಳು. ಕಾಶವ್ವನ ಸರದಿ ಮತ್ತೆ ಬಂದಾಗ ಆಕೆ ಹಾಸಿಗೆ ಹಿಡಿದಿದ್ದಳು, ಆಡದೆಯೇ ತೀರಿಕೊಂಡಳು.

“ಆಕಿ ಅವತ್ತ ಬೂಟ ಹಾಕ್ಕೊಂಡು ಗೆರಿ ಹೊರಗ ಕುಂತಿದ್ಲು” ಎಂದಳು ಸೋನವ್ವ. “ಸೋತಿದ್ರ ಏನಾಗ್ತಿತ್ತವಾ? ಕಾಶಿ ಆಡಿರ್ತಿದ್ಲು.”

ಅಷ್ಟು ಹೇಳಿ ಕುಳಿತಳು. ಕೈ ಎತ್ತಿಸಿದಾಗ ಮೂರು ಮತಗಳ ಅಂತರದಲ್ಲಿ ಹನ್ನೊಂದನೆಯಾಕೆಯ ಜಾಗ ಉಳಿಯಿತು. ಮೇಲಿನ ಲೀಗ್ ಕೈತಪ್ಪಿತು. ನೂತನಾ ಇನ್ನೂ ನಾಲ್ವರೊಂದಿಗೆ ಬೇರೆ ಕ್ಲಬ್ಬಿಗೆ ಹೋದಳು, ಹೋಗುವಾಗ ನನ್ನ ಕೈ ಕುಲುಕಿದಳು. ಕಪ್ಪನ್ನು ವಾಪಸು ಕಳಿಸಿದೆವು. ನಾನು ರಾಜೀನಾಮೆ ಕೊಟ್ಟೆ. ತಾರಾಮತಿಗೆ ಬರೆದ ಕಾಗದಕ್ಕೆ ಉತ್ತರ ಬಂದಿಲ್ಲ. ಬರದಿದ್ದರೂ ಇನ್ನೊಂದು ಬರೆಯುತ್ತೇನೆ.

ಇಷ್ಟೆಲ್ಲ ಬರೆದದ್ದು ಒಂದು ಕೆಲಸ ಕೇಳುವುದಕ್ಕೆ. ನೀವು ಆ ನಿಯಮ ಮಾಡುವ ದಿನ ಇನ್ನೊಂದು ಸಾಲು ಸೇರಿಸಿ: ಹನ್ನೊಂದನೆಯಾಕೆ ಯಾರೆಂದು ಪಂದ್ಯಕ್ಕೆ ಒಂದು ವಾರ ಮೊದಲು, ಅವಳ ಮನೆಯ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಬೇಕು. ಹೇಳಿದ ಮೇಲೆ ಬದಲಿಸುವಂತಿಲ್ಲ, ಹೊಸ ಸೊಸೆ ಬಂದರೂ ಬದಲಿಸುವಂತಿಲ್ಲ. ಆಟದ ದಿನ ಬೆಳಿಗ್ಗೆ ಗೆಲ್ಲುವ ಆಸೆ ಎಷ್ಟು ಜೋರಾಗಿರುತ್ತದೆ ಎಂಬುದು ನನಗೆ ಗೊತ್ತು. ಆ ಹೊತ್ತಿನಲ್ಲಿ ನನ್ನಂಥ ನಾಯಕಿಯ ಒಳ್ಳೆಯತನವನ್ನು ನಂಬಬೇಡಿ, ಅವಳ ಕೈ ಕಟ್ಟಿಹಾಕಿ.

ನೀವು ಹಾಗೆ ಮಾಡಿದರೆ ಆ ಫೈನಲ್ಲಿನಲ್ಲಿ ಕಾಶವ್ವ ಆಡುತ್ತಾಳೆ. ನಾವು ಬಹುಶಃ ಸೋಲುತ್ತೇವೆ. ನನಗೆ ತಪ್ಪೊಪ್ಪಿಕೊಳ್ಳಲು ಏನೂ ಇರುವುದಿಲ್ಲ, ಈ ಪತ್ರವೂ ಇರುವುದಿಲ್ಲ. ಇರದಿರಲಿ.

ನಿಮ್ಮ,
ಕಾದಂಬಿನಿ