ಮುಂದಿನ ಕಾಲಿನ ಭಾರ

ಮಾರ್ಚ್ 4, ಮಂಗಳವಾರ

ಕೆಲಸಕ್ಕೆ ಸೇರುವಾಗ ಹೇಳಿದ್ದು: ದಪ್ಪ ಅಟ್ಟೆಯ ಹೊಸ ರಬ್ಬರ್ ಬೂಟು ಕೊಡುತ್ತೇವೆ. ಎರಡು ಪಾಠದ ನಡುವೆ ಕೂರಲು ಬಿಡುತ್ತೇವೆ. ಮೈಕೈಗೆ ಏನಾದರೂ ಆದರೆ ನಾವಿದ್ದೇವೆ.

ಕೊಟ್ಟಿದ್ದು: ಹಳೇ ಬೂಟು. ಯಾರದೋ ಹೆಬ್ಬೆರಳಿನ ಗುಳಿ ಒಳಗೆ ಹಾಗೇ ಇದೆ. ಕೂರಲು ಬೆಂಚಿತ್ತು, ಕಸ್ಟಮರ್‌ಗಳ ಬ್ಯಾಗ್ ಇಡಲು ಎತ್ತಿಕೊಂಡು ಹೋದರು. ನಾವಿದ್ದೇವೆ ಅಂದವರು — ಇದ್ದಾರೆ. ಮೇಲೆ, ಗಾಜಿನ ರೂಮಿನಲ್ಲಿ.

ಇವತ್ತೂ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಎಡಗಾಲು ನೆಲಕ್ಕಿಟ್ಟೆ. ಗಾಜಿನ ಚೂರು ತುಳಿದ ಹಾಗಾಯಿತು. ಬಗ್ಗಿ ನೆಲ ನೋಡಿದೆ. ಏನೂ ಇಲ್ಲ. ಚೂರು ಪಾದದೊಳಗೇ ಇದೆ.

ನೋಡುವವರಿಗೆ ನಮ್ಮದು ಮಜಾ ಕೆಲಸ. ಹೈಡ್ರೋಫಾಯಿಲ್ ಬೋರ್ಡ್ ಕಲಿಸುವುದು. ಹಲಗೆಯ ಅಡಿಗೆ ಒಂದು ಕಂಬ, ಕಂಬದ ತುದಿಗೆ ನೀರೊಳಗೆ ಚಾಚಿದ ಲೋಹದ ರೆಕ್ಕೆ, ಕೈಯಲ್ಲಿ ಮೋಟಾರಿನ ರಿಮೋಟು. ವೇಗ ಬಂತೋ, ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಅವರಿಗೆ ಹಾರಾಟ. ನನಗೆ ಎಡಗಾಲು. ಮುಂದಿಟ್ಟ ಕಾಲಿನಲ್ಲಿ ಒತ್ತಿ ಹಿಡಿಯದಿದ್ದರೆ ಬೋರ್ಡು ಹಟದ ಹೋರಿಯಂತೆ ಮೂತಿ ಎತ್ತುತ್ತದೆ. ದಿನವಿಡೀ ಒತ್ತುತ್ತೇನೆ. ಒತ್ತುತ್ತಲೇ ನಗುತ್ತೇನೆ. ನಗುವುದೂ ಸಂಬಳದಲ್ಲೇ ಸೇರಿದೆ.

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಎಡಗಾಲಿನ ಬೆರಳು ಮರಗಟ್ಟಿದೆ. ಕಿರುಬೆರಳು, ಅದರ ಪಕ್ಕದ್ದು. ಚಿವುಟಿದೆ. ಬೇರೆ ಯಾರನ್ನೋ ಚಿವುಟಿದಂತಿತ್ತು.

ಯಾರಿಗೂ ಹೇಳುವಂತಿಲ್ಲ. ಕೊಕ್ಕರೆ ಹೇಳಿ ಕೆಟ್ಟ. ನಮ್ಮ ಜೊತೆ ಕಲಿಸುತ್ತಿದ್ದವನು. ಒಂದು ಕಾಲು ಮಡಚಿ ಇನ್ನೊಂದರ ಮೇಲೆ ನಿಂತು ಟೀ ಕುಡಿಯುತ್ತಿದ್ದ, ಅದಕ್ಕೆ ಆ ಹೆಸರು. ನಾವೆಲ್ಲ ನಕ್ಕೆವು. ಯಾಕೆ ಮಡಚುತ್ತಾನೆ ಅಂತ ಒಬ್ಬರೂ ಕೇಳಲಿಲ್ಲ. ಕಾಲುನೋವು ಅಂತ ಬಾಯಿಬಿಟ್ಟ ಮಾರನೆಯ ದಿನ ಅವನನ್ನು ಟಿಕೆಟ್ ಕೌಂಟರಿನಲ್ಲಿ ಕೂರಿಸಿದರು. ಆಮೇಲೆ ‘ಸೀಸನ್ ಮುಗೀತು, ಫೋನ್ ಮಾಡ್ತೀವಿ’ ಅಂದರು. ಸೀಸನ್ ಮುಗಿದದ್ದು ಅವನೊಬ್ಬನಿಗೆ.

ಅದಕ್ಕೇ ಬೆಳಿಗ್ಗೆ ಎಲ್ಲರೂ ಓಡುತ್ತೇವೆ. ಬೋರ್ಡು ತಲೆಯ ಮೇಲಿಟ್ಟುಕೊಂಡು ಸಿಮೆಂಟಿನ ಇಳಿಜಾರಿನಲ್ಲಿ ನೀರಿನವರೆಗೆ. ಓಡಿ ಅಂತ ಯಾರೂ ಹೇಳಿಲ್ಲ. ಮ್ಯಾನೇಜರ್ ಕಾಫಿ ಹಿಡಿದು ಮೇಲೆ ನಿಂತಿರುತ್ತಾನೆ, ಅಷ್ಟೇ. ನಿಂತರೆ ಸಾಕು, ನಾವು ಓಡುತ್ತೇವೆ.

ಮಾರ್ಚ್ 9, ಭಾನುವಾರ

ಅಕ್ಕ ಕಂಡುಹಿಡಿದಳು. ಲಾಂಡ್ರಿಯಲ್ಲಿ ಹಗಲಿಡೀ ನಿಂತು ಇಸ್ತ್ರಿ ಮಾಡುವವಳ ಕಣ್ಣು. ಬಟ್ಟೆಯ ಸುಕ್ಕು ಬಿಡದವಳು ನನ್ನ ನಡಿಗೆ ಬಿಡುತ್ತಾಳೆಯೇ?

“ಏನೇ ಅದು, ಗೋಡೆ ಹಿಡ್ಕೊಂಡು ಬರ್ತಿದ್ದೀಯಾ? ಹಲ್ಲಿನಾ ನೀನು?”

“ಜೋಮು ಹಿಡಿದಿದೆ.”

“ಯಾವಾಗಿಂದ?”

“...ಸಂಕ್ರಾಂತಿ...” ಅಂತೇನೋ ಹೇಳಲು ಹೋದವಳು ನುಂಗಿಕೊಂಡೆ. “ಈಗಷ್ಟೇ” ಅಂದೆ.

“ಸುಳ್ಳು ಹೇಳೋಕಾದ್ರೂ ನೆಟ್ಟಗೆ ನಿಂತ್ಕೊಂಡು ಹೇಳು.”

ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟಳು. ಕಾಲು ಅದ್ದಿದೆ. ಒಂದು ಪಾದಕ್ಕೆ ಸುಡುತ್ತಿದೆ, ಇನ್ನೊಂದಕ್ಕೆ ಏನೂ ಇಲ್ಲ. ಅಕ್ಕನ ಮುಖ ನೋಡಲಿಲ್ಲ. ಅವಳಿಗೆ ಗೊತ್ತಾದರೆ ನಾಳೆ ಹೋಗಬೇಡ ಅನ್ನುತ್ತಾಳೆ. ಹೋಗದಿದ್ದರೆ ನನ್ನ ಜಾಗದಲ್ಲಿ ಇನ್ನೊಬ್ಬಳು ಓಡುತ್ತಾಳೆ.

ಮಾರ್ಚ್ 12, ಬುಧವಾರ

ಅಕ್ಷರ ಓಡುತ್ತಿಲ್ಲ.

ಸ್ಟ್ರಾಪ್ ಬಿಗಿ ಮಾಡಿದೆ. ಮುಂದಿನ ಪಾದ ಹಿಡಿಯುವ ಪಟ್ಟಿ. ಮೊದಲ ದಿನವೇ ಕಲಿಸುತ್ತೇವೆ — ಸಡಿಲ ಇರಲಿ, ಬೀಳುವಾಗ ಕಾಲು ತಾನಾಗಿ ಕಳಚಬೇಕು, ನೀವೊಂದು ಕಡೆ, ಬೋರ್ಡೊಂದು ಕಡೆ. ಕಲಿಸುವ ನಾನೇ ಬಿಗಿದೆ. ಮರಗಟ್ಟಿದ ಕಾಲು ಜಾರಿದರೆ ಗೊತ್ತಾಗುವುದಿಲ್ಲವಲ್ಲ... ಕಟ್ಟಿ ಹಾಕಿದರೆ ಇರುತ್ತದೆ ಅಂದುಕೊಂಡೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು ಇವತ್ತಿನ ಶಿಷ್ಯೆ. ನೀರಿನಲ್ಲಿ ತೇಲುತ್ತಾ ನೋಡುತ್ತಿದ್ದಳು. ತೋರಿಸಲು ಹೊರಟೆ. ಮೂತಿ ಎದ್ದಿತು. ಒತ್ತಿದೆ — ಒತ್ತಿದೆ ಅಂದುಕೊಂಡೆ. ಕಾಲು ಒತ್ತಿರಲೇ ಇಲ್ಲ. ಬಿದ್ದೆ. ಪಾದ ಕಳಚಲಿಲ್ಲ. ಬೋರ್ಡು ನನ್ನ ಜೊತೆಗೇ ಮಗುಚಿತು, ರೆಕ್ಕೆ ನೀರು ಸೀಳಿಕೊಂಡು ಮೇಲೆ ಬಂತು, ಅವಳ ತಲೆ ಸವರಿ ಹೋಯಿತು.

ಹೆಲ್ಮೆಟ್ಟಿನ ಮೇಲೆ ಒಂದು ಗೆರೆ. ಕಿವಿಯಿಂದ ನೆತ್ತಿಗೆ.

ಅವಳು ನಗುತ್ತಿದ್ದಳು. “ಇದೂ ಪಾಠದಲ್ಲಿ ಸೇರಿದೆಯಾ ಟೀಚರ್?”

ಮ್ಯಾನೇಜರಿಗೆ ಹೆಲ್ಮೆಟ್ ತೋರಿಸಿದೆ. ತಿರುಗಿಸಿ ನೋಡಿದ. “ಹೆಲ್ಮೆಟ್ ಇರೋದೇ ಅದಕ್ಕಲ್ವಾ ಮೇಡಂ? ಗೆರೆ ಕಾಣ್ತಿದೆ. ಮೇಲೊಂದು ಸ್ಟಿಕ್ಕರ್ ಹಚ್ಚಿಬಿಡಿ.”

ಹಚ್ಚಿದೆ. ಕಂಪನಿಯದೇ ಸ್ಟಿಕ್ಕರ್. ನಗುವ ಮೀನಿನದು.

ಮಾರ್ಚ್ 20, ಗುರುವಾರ

ಬರೆಯಲು ಆಗಿರಲಿಲ್ಲ. ಕಣ್ಣು ಮುಚ್ಚಿದರೆ ಆ ಗೆರೆ. ಹೆಲ್ಮೆಟ್ ಇಲ್ಲದ ತಲೆಯ ಮೇಲೆ.

ಇವತ್ತು ಬಟ್ಟೆ ಬದಲಿಸುವ ರೂಮಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋದೆ. ನಮ್ಮ ಜೊತೆ ಕಲಿಸುವ ಉಲ್ಟಾ ಒಬ್ಬಳೇ ಕೂತಿದ್ದಳು. ನಾವೆಲ್ಲ ಎಡಗಾಲು ಮುಂದಿಟ್ಟರೆ ಅವಳು ಬಲಗಾಲು ಇಡುತ್ತಾಳೆ, ಆದ್ದರಿಂದ ಉಲ್ಟಾ. ಬೂಟು ಕಳಚಲು ಹೆಣಗುತ್ತಿದ್ದಳು. ಹಲ್ಲು ಕಚ್ಚಿದ್ದಳು. ನನ್ನನ್ನು ಕಂಡದ್ದೇ ಟವೆಲ್ ಎಳೆದು ಪಾದದ ಮೇಲೆ ಹಾಕಿಕೊಂಡಳು, ಮೈ ಮುಚ್ಚಿಕೊಳ್ಳುವ ಹಾಗೆ.

ಟವೆಲ್ ತೆಗೆದೆ. ಬಲ ಪಾದ. ಬೆರಳುಗಳ ಹಿಂದೆ ಬನ್ನಿನಂತೆ ಊದಿದೆ.

“ಟೀಚರ್, ನಿಮ್ಮ ಕಾಲಿಗೆ ಬೀಳ್ತೀನಿ, ಮೇಲೆ ಹೇಳ್ಬೇಡಿ.”

“ನನ್ನ ಕಾಲಿಗೆ ಬೀಳ್ಬೇಡ ಮಾರಾಯ್ತಿ, ಅದೇ ಸರಿಯಿಲ್ಲ.” ನನ್ನ ಬೂಟು ಕಿತ್ತು ತೋರಿಸಿದೆ.

ಇಬ್ಬರೂ ನೋಡಿಕೊಂಡೆವು. ನಕ್ಕೆವು. ಆಮೇಲೆ ಅವಳು ಅತ್ತಳು.

“ನಾನೊಬ್ಬಳೇ ಅಂದ್ಕೊಂಡಿದ್ದೆ. ನೀವೆಲ್ಲ ಅಷ್ಟು ಚೆನ್ನಾಗಿ ಓಡ್ತೀರಲ್ಲ.”

“ನೀನೂ ಓಡ್ತೀಯಲ್ಲೇ.”

ನನ್ನದು ಎಡ. ಅವಳದು ಬಲ. ಕೊಕ್ಕರೆ ಮಡಚುತ್ತಿದ್ದದ್ದು ಎಡ. ಯಾವುದು ಮುಂದಿದೆಯೋ ಅದು. ದೇಹದ ದೋಷವಲ್ಲ ಇದು. ಬೋರ್ಡಿನದು.

ಮಾರ್ಚ್ 22, ಶನಿವಾರ

ಗೊತ್ತಾಯಿತು. ಶೆಡ್ಡಿನಲ್ಲಿ ಬೋರ್ಡು ಬೋರಲು ಹಾಕಿ ಇಬ್ಬರೂ ನೋಡಿದೆವು. ಕಂಬವನ್ನು ಹಿಡಿದ ಬೋಲ್ಟು ಸಡಿಲಿಸಿ ಹಿಂದಕ್ಕೋ ಮುಂದಕ್ಕೋ ಸರಿಸಬಹುದು. ಮುಂದೆ ಸರಿಸಿದಷ್ಟೂ ಬೋರ್ಡು ಬೇಗ ಏಳುತ್ತದೆ, ಮುಂದಿನ ಕಾಲು ಅಷ್ಟೂ ಹೆಚ್ಚು ಒತ್ತಬೇಕು. ಎಲ್ಲ ಬೋರ್ಡುಗಳಲ್ಲೂ ಕಂಬ ಮುಂದಿನ ತುತ್ತತುದಿಯಲ್ಲಿದೆ. ಗೇಟಿನ ಮೇಲೆ ‘ಮೊದಲ ಪಾಠದಲ್ಲೇ ಹಾರಿ’ ಅಂತ ಫಲಕ ತಗುಲಿಸಿದರಲ್ಲ, ಅವತ್ತಿನಿಂದ. ಕಸ್ಟಮರ್ ಒಂದು ಸಲ ಎದ್ದು, ಬಿದ್ದು, ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾನೆ. ನಾವು ಸಂಜೆಯವರೆಗೆ ಒತ್ತುತ್ತೇವೆ.

ಮೆಕ್ಯಾನಿಕ್ಕನ್ನು ಕೇಳಿದೆವು. “ಮೇಲಿಂದ ಆರ್ಡರ್. ಎರಡು ಬೆರಳಿನಷ್ಟು ಹಿಂದೆ ಸರಿಸಿದ್ರೆ ನಿಮಗೆ ಹಗುರ ಆಗುತ್ತೆ. ಸರಿಸಿದ್ರೆ ನಾನೂ ಹಗುರ ಆಗ್ತೀನಿ, ಮನೆಗೇ ಕಳಿಸ್ತಾರೆ.”

ಎರಡು ಬೆರಳು! ನನ್ನ ಎರಡು ಬೆರಳು ಸತ್ತು ಬಿದ್ದಿರುವುದು ಅಷ್ಟಕ್ಕೆ.

ಮಾರ್ಚ್ 25, ಮಂಗಳವಾರ

ಮೊದಲ ಸಭೆ. ನಮ್ಮ ಅಡುಗೆಮನೆಯಲ್ಲಿ. ಕಲಿಸುವವರಿಗೆಲ್ಲ ಹೇಳಿದ್ದೆವು, ಕಿವಿಯಲ್ಲಿ. ಎಲ್ಲರೂ ‘ಖಂಡಿತ’ ಅಂದರು. ಪಕ್ಕದ ಮನೆಯಿಂದಲೂ ಅಕ್ಕ ಕುರ್ಚಿ ತಂದಿಟ್ಟಳು.

ಬಂದದ್ದು ಉಲ್ಟಾ. ಮತ್ತೆ ಕೊಕ್ಕರೆ — ಕಳೆದುಕೊಳ್ಳಲು ಅವನಲ್ಲಿ ಏನೂ ಉಳಿದಿಲ್ಲ. ಖಾಲಿ ಕುರ್ಚಿಗಳ ಮುಂದೆ ಕೂತು ಬೇಡಿಕೆ ಪಟ್ಟಿ ಬರೆದೆವು. ಬೋಲ್ಟು ಹಿಂದಕ್ಕೆ. ಬೂಟು. ಬೆಂಚು. ಡಾಕ್ಟರ್. ಕೊಕ್ಕರೆ ಕೆಲಸಕ್ಕೆ ವಾಪಸ್.

“ನನ್ನ ಹೆಸರು ಕೊನೆಗೆ ಹಾಕಿ, ಇಲ್ದಿದ್ರೆ ಮೊದಲನೇದೇ ನೋಡಿ ಮ್ಯಾನೇಜರ್ ಹರಿದು ಹಾಕ್ತಾನೆ” ಅಂದ ಕೊಕ್ಕರೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗೆಲ್ಲ ಮಾತು ನಿಲ್ಲುತ್ತಿತ್ತು. ನಮ್ಮದೇ ಮನೆಯಲ್ಲಿ ಕಳ್ಳರ ಹಾಗೆ.

ಮಾರ್ಚ್ 27, ಗುರುವಾರ

ಯಾರೋ ಸುದ್ದಿ ಮುಟ್ಟಿಸಿದ್ದಾರೆ.

ಬೆಳಿಗ್ಗೆ ಇಳಿಜಾರಿನ ತಲೆಯಲ್ಲಿ ಎಲ್ಲರೆದುರು ಮ್ಯಾನೇಜರ್ ತಡೆದ. ಕಾಫಿ ಊದುತ್ತಾ, ನಿಧಾನವಾಗಿ:

“ಮೇಡಂ, ನಿಮಗೆ ಕಾಲುನೋವಂತೆ. ಹೌದಾ?”

ಉಲ್ಟಾ ಪಕ್ಕದಲ್ಲೇ ಇದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು.

“ಇಲ್ಲ ಸರ್” ಅಂದೆ.

“ಗುಡ್. ನಿಮಗೇನಮ್ಮಾ?” ಅಂತ ಅವಳಿಗೆ. ಅವಳೂ ಇಲ್ಲ ಅಂದಳು. ಇನ್ನೇನು ಅಂದಾಳು? ನಾನೇ ದಾರಿ ತೋರಿಸಿದ್ದೆ.

ಓಡಿದೆವು.

ಸಭೆ ಕರೆದವಳು ನಾನು. ಭಾಷಣ ಬಿಗಿದವಳು ನಾನು. ಒಂದು ಲೋಟ ಕಾಫಿ ಹಿಡಿದ ಮನುಷ್ಯನ ಮುಂದೆ ನನ್ನ ನಾಲಿಗೆ ನನ್ನ ಕಿರುಬೆರಳಿನ ಹಾಗಾಯಿತು.

ಅಕ್ಕನಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 31, ಸೋಮವಾರ

ಅಕ್ಕನೇ ರಜೆ ಹಾಕಿ ಎಳೆದುಕೊಂಡು ಹೋದಳು. ಡಾಕ್ಟರ್ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದರು. ಪಾದದ ಎಲುಬಿನಲ್ಲಿ ಕೂದಲೆಳೆಯ ಬಿರುಕು. ನರವೂ ನಲುಗಿದೆ.

“ಏನು ಕೆಲಸ ನಿಮ್ಮದು?”

ಹೇಳಿದೆ.

“ಕೆಲಸ ನಿಲ್ಲಿಸಿ. ಹೀಗೇ ಒತ್ತುತ್ತಿದ್ರೆ ಪೂರ್ತಿ ಮುರಿಯುತ್ತೆ. ಸ್ಪರ್ಶ ವಾಪಸ್ ಬರುತ್ತೆ ಅಂತ ನಾನು ಗ್ಯಾರಂಟಿ ಕೊಡೋಲ್ಲ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಹೆದರಿಕೆ. ಅದನ್ನು ಹೆದರಿಕೆ ಅಂತಲೇ ಬರೆಯುತ್ತೇನೆ, ಬೇರೆ ದೊಡ್ಡ ಹೆಸರು ಬೇಡ. ಪಾದ ಹೋದೀತು ಅಂತ. ಕೆಲಸ ಹೋದೀತು ಅಂತ. ಎಲ್ಲಕ್ಕಿಂತ — ನಾಳೆ ಉಲ್ಟಾಳ ಕಾಲು ಕೈಕೊಟ್ಟರೆ, ಅವಳ ಕೆಳಗೆ ನೀರಿನಲ್ಲಿ ಯಾರ ತಲೆ ಇರುತ್ತದೆ?

“ಏಳು” ಅಂದಳು ಅಕ್ಕ. “ಇಲ್ಲೇ ಬೇರು ಬಿಡ್ತೀಯೇನು?”

ಏಪ್ರಿಲ್ 1, ಮಂಗಳವಾರ, ಸಂಜೆ

ಹೋದೆ. ಎಡಗಾಲಿಗೆ ಪ್ಲಾಸ್ಟರ್, ಕಂಕುಳಲ್ಲಿ ಊರುಗೋಲು. ಇಳಿಜಾರಿನ ತಲೆಯಲ್ಲಿ ನಿಂತೆ.

“ಸರ್, ಗುರುವಾರ ಸುಳ್ಳು ಹೇಳಿದೆ. ಕಾಲುನೋವಿದೆ. ಎಲುಬು ಬಿರುಕು ಬಿಟ್ಟಿದೆ. ಬೋಲ್ಟು ಮುಂದಿರೋದ್ರಿಂದ. ಆ ಸ್ಟಿಕ್ಕರ್ ಕಿತ್ತು ನೋಡಿ, ಕೆಳಗೇನಿದೆ ಅಂತ.”

ಸಿನಿಮಾದಲ್ಲಾದರೆ ಎಲ್ಲರೂ ಬೋರ್ಡು ಕೆಳಗಿಡುತ್ತಿದ್ದರು. ಇಡಲಿಲ್ಲ. ಕಣ್ಣು ತಪ್ಪಿಸಿಕೊಂಡು ಓಡಿದರು. ಉಲ್ಟಾ ಮಾತ್ರ ನಡೆದಳು. ಕುಂಟುತ್ತಾ, ಉದ್ದಕ್ಕೂ.

ಮ್ಯಾನೇಜರ್ ಕಾಫಿ ಚೆಲ್ಲಿದ. “ಗುರುವಾರ ಹತ್ತು ಗಂಟೆಗೆ ಆಫೀಸಿಗೆ ಬನ್ನಿ. ಒಬ್ಬರೇ.”

ಒಬ್ಬಳೇ! ಕೊಕ್ಕರೆಯನ್ನೂ ಒಬ್ಬನನ್ನೇ ಕರೆದಿದ್ದರು.

ಮಧ್ಯಾಹ್ನದಿಂದ ಫೋನ್. ಪಿಸುಮಾತು, ಹಿಂದೆ ನೀರಿನ ಸದ್ದು. “ಟೀಚರ್, ನನಗೂ...” ಅಂತ ಒಬ್ಬ. “ಎಡಗಾಲು, ಟೀಚರ್” ಅಂತ ಇನ್ನೊಬ್ಬಳು. ಕೊನೆಗೆ ಮೆಕ್ಯಾನಿಕ್: “ಸ್ಪ್ಯಾನರ್ ನನ್ನ ಹತ್ರ ಇದೆ. ಎಲ್ಲರೂ ಹೇಳಿದ್ರೆ ತಿರುಗಿಸ್ತೀನಿ. ಒಬ್ಬರು ಹೇಳಿದ್ರೆ ಆಗಲ್ಲ.”

ನಾಳೆ ಸಭೆಗೆ ಬರುತ್ತೇವೆ ಅಂದಿದ್ದಾರೆ. ಹೋದ ಸಲವೂ ಅಂದಿದ್ದರು. ಬರದಿದ್ದರೆ ಗುರುವಾರ ನಾನೊಬ್ಬಳೇ ಆ ಗಾಜಿನ ರೂಮಿನಲ್ಲಿ. ಅಕ್ಕ ಆಗಲೇ ಕುರ್ಚಿ ಕೇಳಲು ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದಾಳೆ.

ನಾಳೆ, ಬುಧವಾರ. ಸಂಜೆ ಆರು ಗಂಟೆ. ನಮ್ಮ ಅಡುಗೆಮನೆ. ಕುರ್ಚಿ ಸಾಲದಿದ್ದರೆ ನೆಲದ ಮೇಲೆ ಕೂರುತ್ತೇವೆ.